ರ‍್ಯಾಂಕ್ ಬಂದಿದೆ, ಸೀಟು ಬಂದಿಲ್ಲ: ಈ ನಡುವಿನ ತಿಂಗಳುಗಳನ್ನು ಮಕ್ಕಳು ದಾಟುವುದು ಹೇಗೆ?

ವೃತ್ತಿಪರ ಕೋರ್ಸ್‌ಗಳ ಪ್ರವೇಶ ಪರೀಕ್ಷೆಯಾದ ಸಿಇಟಿ ಬರೆಯುವುದು ಏಪ್ರಿಲ್‌ನಲ್ಲಿ. ಯಾವ ಕಾಲೇಜು ಅಂತ ಖಚಿತವಾಗುವ ಹೊತ್ತಿಗೆ ಬಹಳಷ್ಟು ಮಕ್ಕಳಿಗೆ ಆಗಸ್ಟ್ ಬಂದಿರುತ್ತದೆ, ಕೆಲವರಿಗೆ ಸೆಪ್ಟೆಂಬರ್. ನಡುವೆ ಪಿಯುಸಿ ಫಲಿತಾಂಶ, ಸಿಇಟಿ ರ‍್ಯಾಂಕ್, ನೀಟ್ ಅಂಕ, ಖಾಸಗಿ ಕಾಲೇಜುಗಳ ಒಕ್ಕೂಟವಾದ ಕಾಮೆಡ್‌ಕೆಯ ರ‍್ಯಾಂಕ್, ದಾಖಲೆ ಪರಿಶೀಲನೆ, ಆಪ್ಷನ್ ಎಂಟ್ರಿ, ಅಣಕು ಹಂಚಿಕೆ, ಮೊದಲ ಸುತ್ತು, ಎರಡನೇ ಸುತ್ತು. ಪರೀಕ್ಷೆಗೆ ಓದುವಾಗ ಬೆಳಿಗ್ಗೆ ಎದ್ದು ಏನು ಮಾಡಬೇಕು ಅಂತ ಮಕ್ಕಳಿಗೆ ಗೊತ್ತಿತ್ತು. ಈಗ ಕಾಯುವುದು ಬಿಟ್ಟರೆ ಬೇರೆ ಕೆಲಸವೇ ಇಲ್ಲ. ಅದರ ಮೇಲೆ ಮದುವೆ ಮನೆಯಲ್ಲಿ, ಬೀದಿಯಲ್ಲಿ ಸಿಕ್ಕವರೆಲ್ಲ ಕೇಳುವ ಪ್ರಶ್ನೆ ಒಂದೇ: "ಎಲ್ಲಿ ಸಿಕ್ತು?"

ಹದಿನೇಳು-ಹದಿನೆಂಟರ ಮಕ್ಕಳಿರುವ ಮನೆಗಳಿಗೆ ಈ ಲೇಖನ. ಮನೆಯಲ್ಲಿ ಇದೇ ಮೊದಲ ಸಲ ಒಬ್ಬರು ಸೀಟು ಹಂಚಿಕೆಯ ಕೌನ್ಸೆಲಿಂಗ್‌ಗೆ ಹೋಗುತ್ತಿದ್ದರೆ ಇನ್ನೂ ಜಾಸ್ತಿ ಅವರಿಗೇ. ಈ ದಿನಗಳ ಆತಂಕದಲ್ಲಿ ಎರಡು ಬಗೆ ಇದೆ. ಸೀಟು ಹಂಚಿಕೆ ಹೇಗೆ ನಡೆಯುತ್ತದೆ ಅಂತ ತಿಳಿಯದೆ ಹುಟ್ಟುವುದು ಒಂದು. ಅದು ತಿಳಿದುಕೊಂಡರೆ ಬಹುಪಾಲು ಕರಗುತ್ತದೆ. ಎಲ್ಲ ತಿಳಿದ ಮೇಲೂ ಉಳಿಯುವುದು ಇನ್ನೊಂದು. ಅದನ್ನು ಹೊತ್ತುಕೊಂಡೇ ದಿನ ಕಳೆಯಬೇಕು. ಹಾಗಾಗಿ ಮೊದಲು ವ್ಯವಸ್ಥೆಯ ವಿಷಯ, ಆಮೇಲೆ ಮನಸ್ಸಿನ ವಿಷಯ.

ಒಂದೇ ತರಗತಿ, ಹಲವು ಬಾಗಿಲು

ಕರ್ನಾಟಕದಲ್ಲಿ ವೃತ್ತಿಪರ ಕೋರ್ಸ್‌ಗಳ ಸರ್ಕಾರಿ ಸೀಟು ಹಂಚುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ಜನರ ಬಾಯಲ್ಲಿ ಕೆಇಎ. ಬೆಂಗಳೂರಿನ ಮಲ್ಲೇಶ್ವರದಲ್ಲಿ ಕಚೇರಿ. 1993ರಲ್ಲಿ ಖಾಸಗಿ ಕಾಲೇಜುಗಳ ಪ್ರವೇಶ, ಫೀ ಬಗ್ಗೆ ಸುಪ್ರೀಂ ಕೋರ್ಟ್ ಉನ್ನಿಕೃಷ್ಣನ್ ಪ್ರಕರಣದಲ್ಲಿ ಕೊಟ್ಟ ತೀರ್ಪಿನ ನಂತರ, 1994ರಲ್ಲಿ ಸಿಇಟಿ ಪದ್ಧತಿ ಶುರುವಾಯಿತು. ಎಲ್ಲರಿಗೂ ಒಂದೇ ಪರೀಕ್ಷೆ, ಒಂದೇ ಪಟ್ಟಿ, ಅದರ ಪ್ರಕಾರ ಹಂಚಿಕೆ.

ಆದರೆ ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜಿನ ಎಲ್ಲ ಸೀಟೂ ಕೆಇಎ ಕೈಯಲ್ಲಿ ಇರುವುದಿಲ್ಲ. ಅನುದಾನ ಇಲ್ಲದ ಖಾಸಗಿ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಶೇ. 45ರಷ್ಟು ಸೀಟು ಸರ್ಕಾರಿ ಕೋಟಾ, ಅಲ್ಪಸಂಖ್ಯಾತ ಸಂಸ್ಥೆ ಆದರೆ ಶೇ. 40. ಶೇ. 30ರಷ್ಟನ್ನು ಕಾಮೆಡ್‌ಕೆ ತನ್ನದೇ ಪರೀಕ್ಷೆಯ ಮೂಲಕ ತುಂಬುತ್ತದೆ. ಉಳಿದದ್ದು ಮ್ಯಾನೇಜ್‌ಮೆಂಟ್ ಮತ್ತು ಎನ್‌ಆರ್‌ಐ. ಪಾಠ ಅದೇ, ಬೆಂಚು ಅದೇ, ಫೀ ಮಾತ್ರ ಬೇರೆ ಬೇರೆ.

ವೈದ್ಯಕೀಯಕ್ಕೆ ನೀಟ್ ಅಂಕವೇ ಆಧಾರ. ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಶೇ. 15ರಷ್ಟು ಸೀಟು ಅಖಿಲ ಭಾರತ ಕೋಟಾಕ್ಕೆ ಹೋಗುತ್ತದೆ, ಉಳಿದವನ್ನು ಇಲ್ಲಿ ಕೆಇಎ ಹಂಚುತ್ತದೆ. ಐಐಟಿ, ಸುರತ್ಕಲ್‌ನ ಎನ್‌ಐಟಿಯಂಥ ಕೇಂದ್ರ ಸಂಸ್ಥೆಗಳಿಗೆ ಜೋಸಾ ಅನ್ನುವ ಬೇರೆಯೇ ಕೌನ್ಸೆಲಿಂಗ್ ಇದೆ. ಬಿಎಸ್ಸಿ, ಬಿಕಾಂ, ಬಿಎ ಸೇರುವವರು ನಮ್ಮ ವಿಶ್ವವಿದ್ಯಾಲಯಗಳಿಗೆ ರಾಜ್ಯ ಸರ್ಕಾರದ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ಅರ್ಜಿ ಹಾಕುತ್ತಾರೆ.

ಒಂದೇ ಮಗು ಇಂಥ ಮೂರು-ನಾಲ್ಕು ಸಾಲುಗಳಲ್ಲಿ ಏಕಕಾಲಕ್ಕೆ ನಿಂತಿರುತ್ತದೆ. ಒಂದೊಂದಕ್ಕೂ ಬೇರೆ ದಿನಾಂಕ, ಬೇರೆ ಪಾಸ್‌ವರ್ಡ್, ಬೇರೆ ನಿಯಮ. ತಲೆ ಕೆಟ್ಟುಹೋಗುವುದರಲ್ಲಿ ಆಶ್ಚರ್ಯ ಇಲ್ಲ.

ರ‍್ಯಾಂಕ್ ಅಂದರೆ ಅಂಕ ಅಲ್ಲ

ಮನೆಗಳಲ್ಲಿ ಮೊದಲ ಜಗಳ ಇಲ್ಲಿ. "ಪಿಯುಸಿಯಲ್ಲಿ ಅಷ್ಟು ಚೆನ್ನಾಗಿ ತೆಗೆದವಳು, ಸಿಇಟಿ ರ‍್ಯಾಂಕ್ ಯಾಕೆ ಹೀಗೆ?"

ಎಂಜಿನಿಯರಿಂಗ್ ರ‍್ಯಾಂಕಿಗೆ ಎರಡು ಲೆಕ್ಕ ಸೇರುತ್ತವೆ. ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಅರ್ಧ. ಅದೇ ವಿಷಯಗಳ ಸಿಇಟಿ ಅಂಕ ಇನ್ನರ್ಧ. ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 60 ಅಂಕ, 80 ನಿಮಿಷ, ತಪ್ಪು ಉತ್ತರಕ್ಕೆ ಅಂಕ ಕಡಿತ ಇಲ್ಲ.

ಒಂದು ಉದಾಹರಣೆ. ಒಬ್ಬಳಿಗೆ ಪಿಯುಸಿಯಲ್ಲಿ 300ಕ್ಕೆ 270, ಅಂದರೆ ಶೇ. 90. ಸಿಇಟಿಯಲ್ಲಿ 180ಕ್ಕೆ 90, ಅಂದರೆ ಶೇ. 50. ಎರಡರ ಸರಾಸರಿ 70. ಇನ್ನೊಬ್ಬನಿಗೆ ಪಿಯುಸಿಯಲ್ಲಿ 240, ಶೇ. 80. ಸಿಇಟಿಯಲ್ಲಿ 117, ಶೇ. 65. ಸರಾಸರಿ 72.5. ಪಿಯುಸಿಯಲ್ಲಿ 30 ಅಂಕ ಹಿಂದಿದ್ದ ಹುಡುಗ ರ‍್ಯಾಂಕಿನಲ್ಲಿ ಮುಂದೆ ಬಂದ. ಈ ಎರಡೂವರೆ ಅಂಕದ ಅಂತರದೊಳಗೆ ಸಾವಿರಾರು ಮಕ್ಕಳು ಇರುತ್ತಾರೆ. ಪರೀಕ್ಷೆ ಬರೆಯುವವರೇ 3 ಲಕ್ಷಕ್ಕೂ ಜಾಸ್ತಿ.

ರ‍್ಯಾಂಕ್ ಹೇಳುವುದು ಇಷ್ಟೇ: ಆ ವರ್ಷ ಬರೆದವರ ಪೈಕಿ ನಿಮ್ಮ ಮಗು ಎಷ್ಟನೆಯ ಜಾಗದಲ್ಲಿ ನಿಂತಿದೆ. ಪ್ರಶ್ನೆಪತ್ರಿಕೆ ಸುಲಭವಾದರೆ ಎಲ್ಲರ ಅಂಕವೂ ಏರುತ್ತದೆ, ರ‍್ಯಾಂಕ್ ಅಲ್ಲೇ ನಿಲ್ಲುತ್ತದೆ. ಹೊರಗಿನ ಕಾರಣಗಳೂ ಇವೆ. 2024ರ ಸಿಇಟಿಯಲ್ಲಿ ಪಠ್ಯಕ್ರಮದ ಹೊರಗಿನ ಪ್ರಶ್ನೆಗಳು ಬಂದು ದೊಡ್ಡ ಗಲಾಟೆಯಾಯಿತು. ಕೊನೆಗೆ ನಾಲ್ಕು ವಿಷಯಗಳಿಂದ 50 ಪ್ರಶ್ನೆ ಕೈಬಿಟ್ಟು ಮೌಲ್ಯಮಾಪನ ಮಾಡಿದರು. 2022ರಲ್ಲಿ ಮತ್ತೊಮ್ಮೆ ಬರೆದವರ ಪಿಯುಸಿ ಅಂಕ ಸೇರಿಸಬೇಕೋ ಬೇಡವೋ ಅನ್ನುವ ಜಗಳ ಹೈಕೋರ್ಟ್‌ವರೆಗೂ ಹೋಯಿತು. ಇಂಥದ್ದರಲ್ಲಿ ಮಗುವಿನ ತಪ್ಪು ಏನಿದೆ? ಆದರೂ ಬೈಗುಳ ಬೀಳುವುದು ಅದರ ಮೇಲೇ.

ಕಂಪ್ಯೂಟರ್ ಸೀಟು ಕೊಡುವ ಬಗೆ

ಇಡೀ ಲೇಖನದಲ್ಲಿ ನಿಧಾನವಾಗಿ ಓದಬೇಕಾದ ಭಾಗ ಇದು. ಯಾಕೆಂದರೆ ತಪ್ಪು ಸಲಹೆಗಳು ಜಾಸ್ತಿ ಓಡಾಡುವುದು ಇದರ ಬಗ್ಗೆಯೇ.

ಆಪ್ಷನ್ ಎಂಟ್ರಿ ಅಂದರೆ ಯಾವ ಕಾಲೇಜು, ಯಾವ ಬ್ರಾಂಚ್ ಬೇಕು ಅಂತ ಕ್ರಮವಾಗಿ ಬರೆದು ಕೊಡುವುದು. ಈಗ ಒಂದು ಬಸ್ ನೆನೆದುಕೊಳ್ಳಿ. ಹೊರಗೆ ಜನ ರ‍್ಯಾಂಕ್ ಪ್ರಕಾರ ಸಾಲಾಗಿ ನಿಂತಿದ್ದಾರೆ. ಎಲ್ಲರ ಕೈಯಲ್ಲೂ ಒಂದೊಂದು ಚೀಟಿ. ತನಗೆ ಬೇಕಾದ ಸೀಟುಗಳ ನಂಬರನ್ನು ಇಷ್ಟದ ಕ್ರಮದಲ್ಲಿ ಬರೆದಿದ್ದಾರೆ. ಕಂಡಕ್ಟರ್ ಒಬ್ಬೊಬ್ಬರನ್ನೇ ಕರೆದು, ಚೀಟಿಯನ್ನು ಮೇಲಿನಿಂದ ಕೆಳಗೆ ಓದುತ್ತಾನೆ. ಮೊದಲು ಖಾಲಿ ಕಂಡ ಸೀಟಿನಲ್ಲಿ ಕೂರಿಸುತ್ತಾನೆ. ಅಲ್ಲಿಂದ ಮುಂದೆ ಆ ಚೀಟಿ ಓದುವುದಿಲ್ಲ. ಬಸ್ಸಿನಲ್ಲಿ ಮಹಿಳೆಯರಿಗೆ, ಹಿರಿಯರಿಗೆ ಮೀಸಲು ಸೀಟು ಇರುವ ಹಾಗೆ ಇಲ್ಲೂ ಹಿಂದುಳಿದ ವರ್ಗಗಳ 1, 2ಎ, 2ಬಿ, 3ಎ, 3ಬಿ, ಪರಿಶಿಷ್ಟ ಜಾತಿ, ಪಂಗಡದ ಸೀಟುಗಳಿವೆ. ಗ್ರಾಮೀಣ, ಕನ್ನಡ ಮಾಧ್ಯಮ, ಸಂವಿಧಾನದ 371(ಜೆ) ವಿಧಿಯ ಪ್ರಕಾರ ಕಲ್ಯಾಣ ಕರ್ನಾಟಕದವರಿಗೆ ಸೀಟುಗಳಿವೆ. ಅರ್ಹತೆ ಇದ್ದವರಿಗೆ ಕಂಡಕ್ಟರ್ ಅವನ್ನೂ ನೋಡುತ್ತಾನೆ.

ಇಷ್ಟು ಅರ್ಥವಾದರೆ ಮುಖ್ಯವಾದ ಒಂದು ಭಯ ಬಿಟ್ಟುಹೋಗುತ್ತದೆ. "ನಿನ್ನ ರ‍್ಯಾಂಕಿಗೆ ಯುವಿಸಿಇ ಕಂಪ್ಯೂಟರ್ ಸೈನ್ಸ್ ಮೇಲೆ ಬರೆದರೆ ಕೆಳಗಿನದ್ದೂ ಕೈತಪ್ಪುತ್ತೆ" ಅಂತ ಹೇಳುವವರು ಎಲ್ಲ ಊರಲ್ಲೂ ಇದ್ದಾರೆ. ಅದು ಸುಳ್ಳು. ಮೇಲೆ ಬರೆದ ಸೀಟು ಖಾಲಿ ಇಲ್ಲದಿದ್ದರೆ ಕಂಡಕ್ಟರ್ ಮುಂದಿನ ಸಾಲಿಗೆ ಹೋಗುತ್ತಾನೆ, ಅಷ್ಟೇ. ನಿಮ್ಮ ಐದನೇ ಆಯ್ಕೆಯನ್ನು ಇನ್ನೊಬ್ಬ ತನ್ನ ಮೊದಲ ಆಯ್ಕೆಯಾಗಿ ಬರೆದಿರಬಹುದು. ಅವನ ರ‍್ಯಾಂಕ್ ನಿಮಗಿಂತ ಹಿಂದಿದ್ದರೆ, ನಿಮ್ಮಿಬ್ಬರಿಗೂ ಅರ್ಹತೆ ಇರುವ ಸೀಟು ಅವನಿಗೆ ನಿಮಗಿಂತ ಮೊದಲು ಹೋಗುವುದಿಲ್ಲ. ಆದ್ದರಿಂದ ಕ್ರಮ ನಿಜವಾದ ಇಷ್ಟದ ಕ್ರಮವೇ ಆಗಿರಲಿ. ಆಸೆಯ ಕಾಲೇಜನ್ನು ಮೇಲೆ ಬರೆಯುವುದಕ್ಕೆ ಖರ್ಚಿಲ್ಲ.

ಉಲ್ಟಾ ತಪ್ಪೂ ಇದೆ. ಹೋಗುವ ಮನಸ್ಸೇ ಇಲ್ಲದ ಕಾಲೇಜನ್ನು "ಇರಲಿ" ಅಂತ ಸುಮ್ನೆ ತುಂಬಿಸಬಾರದು. ಕಂಡಕ್ಟರ್ ಅಲ್ಲೇ ಕೂರಿಸಿಬಿಟ್ಟಾನು. ಹಾಗೆಯೇ ಹತ್ತೇ ಹತ್ತು ಆಯ್ಕೆ ಬರೆದು ನಿಲ್ಲಿಸಿದರೆ ಬಸ್ಸಿನಲ್ಲಿ ಸೀಟಿದ್ದರೂ ನಿಂತೇ ಇರಬೇಕಾಗುತ್ತದೆ. ಆಸೆಯವು ಕೆಲವು, ರ‍್ಯಾಂಕಿಗೆ ಹೊಂದುವವು ಜಾಸ್ತಿ, ಖಂಡಿತ ಸಿಗಬಹುದಾದವು ಕೆಲವು. ಪಟ್ಟಿ ಉದ್ದ ಇದ್ದಷ್ಟೂ ಒಳ್ಳೆಯದು.

ಹೊಂದುತ್ತದೋ ಇಲ್ಲವೋ ಅಂತ ನೋಡಲು ಎಲ್ಲರೂ ಹುಡುಕುವುದು ಕಳೆದ ವರ್ಷದ ಕಟ್-ಆಫ್. ಆ ಸೀಟು ಪಡೆದ ಕೊನೆಯ ಅಭ್ಯರ್ಥಿಯ ರ‍್ಯಾಂಕ್ ಅದು. ಯಾರೋ ಕೂತು ನಿಗದಿ ಮಾಡಿದ ಗೆರೆ ಅಲ್ಲ. ಈ ವರ್ಷ ಸೀಟು ಜಾಸ್ತಿಯಾದರೆ, ಜನರ ಒಲವು ಬೇರೆ ಬ್ರಾಂಚ್ ಕಡೆ ತಿರುಗಿದರೆ ಅದೂ ಬದಲಾಗುತ್ತದೆ. ಒಂದು ವರ್ಷದ ಬದಲು ಎರಡು-ಮೂರು ವರ್ಷದ್ದು ನೋಡಿ. ಯಾವ ಸುತ್ತಿನದು, ಯಾವ ವರ್ಗದ್ದು ಅಂತಲೂ ನೋಡಿ. ಮೊದಲ ಸುತ್ತಿನ ಕಟ್-ಆಫ್ ನೋಡಿ ಮನೆಮಂದಿ ಮುಖ ಸಪ್ಪಗೆ ಮಾಡಿಕೊಳ್ಳುವುದು, ಎರಡನೇ ಸುತ್ತಿನಲ್ಲಿ ಅದೇ ಸೀಟು ಇನ್ನೂ ಹಿಂದಿನ ರ‍್ಯಾಂಕಿಗೆ ಹೋಗುವುದು, ಎರಡೂ ಆಗುತ್ತಲೇ ಇರುತ್ತವೆ.

ನಿಜವಾದ ಹಂಚಿಕೆಗೆ ಮುಂಚೆ ಅಣಕು ಹಂಚಿಕೆ ಇರುತ್ತದೆ. ಈಗಿನ ಪಟ್ಟಿಗಳ ಪ್ರಕಾರ ಎಲ್ಲಿ ಸಿಗಬಹುದು ಅಂತ ತೋರಿಸಿ, ಪಟ್ಟಿ ಬದಲಿಸಲು ಸಮಯ ಕೊಡುತ್ತಾರೆ. ಅದರಲ್ಲಿ ಬಂದ ಕಾಲೇಜು ಗ್ಯಾರಂಟಿ ಅಲ್ಲ, ಬರದಿದ್ದದ್ದು ಕೈತಪ್ಪಿದ ಹಾಗೂ ಅಲ್ಲ. ಅದನ್ನು ನೋಡಿ ಎಲ್ಲರೂ ಪಟ್ಟಿ ತಿದ್ದುತ್ತಾರೆ. ಹಾಗಾಗಿ ಅಣಕು ಫಲಿತಾಂಶ ಬಂದ ದಿನ ಸಿಹಿ ಹಂಚುವುದೂ ಬೇಡ, ಅಳುವುದೂ ಬೇಡ.

ನಾಲ್ಕು ಚಾಯ್ಸ್ ಮತ್ತು ನಿದ್ದೆ ಇಲ್ಲದ ಎರಡು ರಾತ್ರಿ

ಸೀಟು ಬಂದ ಮೇಲೆ ಒಂದು ಚಾಯ್ಸ್ ಆರಿಸಬೇಕು. ಇದಕ್ಕೆ ಕೊಡುವ ಸಮಯ ಕಡಿಮೆ. ಮನೆಯಲ್ಲಿ ಮಾತು ಏರುವುದೂ ಆಗಲೇ.

ಚಾಯ್ಸ್ ಒಂದು ಅಂದರೆ ಈ ಸೀಟು ಸಾಕು, ಫೀ ಕಟ್ಟಿ ಸೇರುತ್ತೇನೆ. ಎರಡು ಅಂದರೆ ಇದು ನನ್ನ ಹತ್ತಿರ ಇರಲಿ, ಪಟ್ಟಿಯಲ್ಲಿ ಇದಕ್ಕಿಂತ ಮೇಲಿರುವುದು ಮುಂದಿನ ಸುತ್ತಿನಲ್ಲಿ ಸಿಕ್ಕರೆ ಅಲ್ಲಿಗೆ ಹೋಗುತ್ತೇನೆ. ಮೇಲಿನದು ಸಿಕ್ಕಿದ ಕೂಡಲೇ ಹಳೆಯದು ತಾನಾಗಿ ಹೋಗುತ್ತದೆ, ವಾಪಸ್ ಕೇಳುವ ಹಾಗಿಲ್ಲ. ಮೂರು ಅಂದರೆ ಇದು ಬೇಡ, ಬಿಟ್ಟೆ, ಮುಂದಿನ ಸುತ್ತು ನೋಡುತ್ತೇನೆ. ನಾಲ್ಕು ಅಂದರೆ ಕೌನ್ಸೆಲಿಂಗೇ ಬೇಡ.

ಎರಡಕ್ಕೂ ಮೂರಕ್ಕೂ ಇರುವ ವ್ಯತ್ಯಾಸ ಬಹಳ ಜನಕ್ಕೆ ಗೊಂದಲ. ಎರಡರಲ್ಲಿ ನೀವು ಸೀಟಿನಲ್ಲಿ ಕೂತೇ ಕಿಟಕಿ ಪಕ್ಕ ಖಾಲಿಯಾಗುತ್ತಾ ಅಂತ ನೋಡುತ್ತೀರಿ. ಮೂರರಲ್ಲಿ ಎದ್ದು ನಿಲ್ಲುತ್ತೀರಿ. ಮುಂದೆ ಏನೂ ಸಿಗದಿದ್ದರೆ ನಿಂತೇ ಇರಬೇಕು. ಸಿಕ್ಕ ಸೀಟಿಗೆ ಯಾವ ಕಾರಣಕ್ಕೂ ಹೋಗುವುದಿಲ್ಲ ಅನ್ನುವವರಿಗೆ ಮಾತ್ರ ಮೂರು ಸರಿ. ಚಾಯ್ಸ್ ಎರಡಕ್ಕೆ ಫೀ ಎಷ್ಟು ಕಟ್ಟಬೇಕು, ಕೊನೆ ಸುತ್ತಿನಲ್ಲಿ ಯಾವ ಚಾಯ್ಸ್ ಇರುತ್ತದೆ ಅನ್ನುವ ನಿಯಮ ವರ್ಷದಿಂದ ವರ್ಷಕ್ಕೆ ತಿದ್ದುಪಡಿ ಆಗುತ್ತದೆ. ಕಳೆದ ವರ್ಷ ಸೇರಿದ ಅಕ್ಕನನ್ನು ಕೇಳುವ ಬದಲು ಈ ವರ್ಷದ ಪ್ರಕಟಣೆ ಓದಿ.

ಇಲ್ಲಿ ಒಂದು ಎಚ್ಚರಿಕೆ. ಲಾಗಿನ್ ಐಡಿ, ಪಾಸ್‌ವರ್ಡ್, ಒಟಿಪಿಯನ್ನು ಏಜೆಂಟರಿಗಾಗಲಿ, ಸೈಬರ್ ಸೆಂಟರಿನವರಿಗಾಗಲಿ ಕೊಟ್ಟು ಬರಬೇಡಿ. 2024ರಲ್ಲಿ ಬೇರೆಯವರ ಲಾಗಿನ್ ಬಳಸಿ ಸೀಟು ಹಿಡಿದಿಟ್ಟ ಸೀಟ್ ಬ್ಲಾಕಿಂಗ್ ಪ್ರಕರಣ ಬಯಲಿಗೆ ಬಂದು, ಪ್ರಾಧಿಕಾರ ಮಲ್ಲೇಶ್ವರ ಪೊಲೀಸರಿಗೆ ದೂರು ಕೊಟ್ಟಿತು, ಬಂಧನಗಳೂ ಆದವು. ಟೈಪ್ ಮಾಡಲು ಸಹಾಯ ಬೇಕಾದರೆ ಪಕ್ಕದಲ್ಲೇ ಕೂತು ಮಾಡಿಸಿ.

ಇಷ್ಟು ತಡ ಯಾಕೆ?

ಸಾಲುಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಸಿಇಟಿಯಲ್ಲಿ ಒಳ್ಳೆಯ ಎಂಜಿನಿಯರಿಂಗ್ ಸೀಟು ಹಿಡಿದ ಹುಡುಗಿಗೆ ಎಂಬಿಬಿಎಸ್ ಸಿಕ್ಕಿತು ಅಂದುಕೊಳ್ಳಿ. ಅವಳ ಎಂಜಿನಿಯರಿಂಗ್ ಸೀಟು ಖಾಲಿ. ಅದಕ್ಕೆ ಇನ್ನೊಬ್ಬ ಬರುತ್ತಾನೆ, ಅವನ ಸೀಟು ಖಾಲಿ, ಅದಕ್ಕೆ ಮತ್ತೊಬ್ಬಳು. ಮೇಲೆ ಒಬ್ಬರು ಇಳಿದರೆ ಕೆಳಗೆ ಹತ್ತಾರು ಜನ ಜರುಗುತ್ತಾರೆ. ಎರಡನೇ ಸುತ್ತು ಇರುವುದೇ ಇದಕ್ಕೆ. ಮೇಲಿನ ಸಾಲು ನಿಂತರೆ ಕೆಳಗಿನವೂ ನಿಲ್ಲುತ್ತವೆ. 2024ರಲ್ಲಿ ನೀಟ್ ಫಲಿತಾಂಶ ಜೂನ್ 4ರಂದೇ ಬಂತು. ಆದರೆ ಪ್ರಶ್ನೆಪತ್ರಿಕೆ ಸೋರಿಕೆಯ ವಿವಾದ ಸುಪ್ರೀಂ ಕೋರ್ಟ್‌ಗೆ ಹೋಗಿ, ಮರುಪರೀಕ್ಷೆ ಬೇಡ ಅಂತ ಆದೇಶ ಬಂದದ್ದು ಜುಲೈ 23ಕ್ಕೆ. ಅಲ್ಲಿಯವರೆಗೆ ಡಾಕ್ಟರ್ ಆಗುವ ಆಸೆಯವರೂ ಕಾದರು, ಅವರು ಬಿಡುವ ಸೀಟಿಗೆ ಕಣ್ಣಿಟ್ಟವರೂ ಕಾದರು.

ಕಾಯುವುದು ಯಾಕೆ ಇಷ್ಟು ಹಿಂಸೆ?

"ಏನಾದರೂ ಒಂದು ಗೊತ್ತಾಗಿಬಿಟ್ಟರೆ ಸಾಕು" ಅಂತ ಮಕ್ಕಳು ಹೇಳುತ್ತಾರೆ. ಇದು ಬರೀ ಬಾಯಿಮಾತಲ್ಲ. 2016ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 45 ಜನರಿಗೆ ಒಂದು ಕಂಪ್ಯೂಟರ್ ಆಟ ಆಡಿಸಿದರು. ಪರದೆಯ ಮೇಲಿನ ಕಲ್ಲಿನ ಕೆಳಗೆ ಹಾವಿದೆಯೇ ಅಂತ ಊಹಿಸಬೇಕು. ಹಾವಿದ್ದರೆ ಕೈಗೆ ಸಣ್ಣ ಕರೆಂಟ್ ಶಾಕ್. ಶಾಕ್ ಖಂಡಿತ ಅಂತ ಗೊತ್ತಿದ್ದಾಗಿಗಿಂತ, ಇರಬಹುದು-ಇಲ್ಲದಿರಬಹುದು ಎಂಬ ಶೇ. 50ರ ಸ್ಥಿತಿಯಲ್ಲಿ ಒತ್ತಡ ಹೆಚ್ಚಾಗಿತ್ತು. ಕೆಟ್ಟ ಸುದ್ದಿಗಿಂತ ಗೊತ್ತಿಲ್ಲದಿರುವುದೇ ಮೈಗೆ ಭಾರ.

ಅಮೆರಿಕದ ಮನಶ್ಶಾಸ್ತ್ರಜ್ಞೆ ಕೇಟ್ ಸ್ವೀನಿ ಕಾಯುವುದರ ಮೇಲೆಯೇ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ ವಕೀಲರ ಪರೀಕ್ಷೆ ಬರೆದು ನಾಲ್ಕು ತಿಂಗಳು ಫಲಿತಾಂಶಕ್ಕೆ ಕಾದವರನ್ನು ಅವರ ತಂಡ ಹಿಂಬಾಲಿಸಿತು. ಆತಂಕ ತಗ್ಗಿಸಲು ಜನ ಮಾಡಿಕೊಂಡ ಉಪಾಯಗಳು ಅಷ್ಟಾಗಿ ಕೆಲಸ ಮಾಡಲಿಲ್ಲ. ಆದರೆ ಕಾಯುವಾಗ ಚಿಂತೆ ಮಾಡಿದವರು ಕೆಟ್ಟ ಫಲಿತಾಂಶವನ್ನು ಚೆನ್ನಾಗಿ ಎದುರಿಸಿದರು, ಒಳ್ಳೆಯ ಫಲಿತಾಂಶಕ್ಕೆ ಜಾಸ್ತಿ ಖುಷಿಪಟ್ಟರು. ಮೊದಲೇ ನಿರಾಳವಾಗಿದ್ದವರಿಗೆ ಕೆಟ್ಟ ಸುದ್ದಿಯ ಪೆಟ್ಟು ಜೋರಾಗಿ ಬಿತ್ತು. ಅವರ ತಂಡದ ಇನ್ನೊಂದು ಅಧ್ಯಯನದ ಪ್ರಕಾರ, ಹೊತ್ತು ಹೋಗಿದ್ದೇ ತಿಳಿಯದಷ್ಟು ಮುಳುಗಿಸುವ ಕೆಲಸ ಇದ್ದವರಿಗೆ ಕಾಯುವುದು ಸ್ವಲ್ಪ ಹಗುರವಾಗುತ್ತದೆ.

ನಮ್ಮ ಮನೆಗಳಿಗೆ ಇದರಿಂದ ಎರಡು ವಿಷಯ ಸಿಗುತ್ತದೆ. "ಚಿಂತೆ ಮಾಡಬೇಡ" ಅಂತ ಹೇಳುವುದರಿಂದ ಉಪಯೋಗ ಕಡಿಮೆ. ಸ್ವಲ್ಪ ಚಿಂತೆ ಇರುವುದು ಸಹಜ, ಅದರಿಂದ ಕೆಲಸವೂ ಆಗುತ್ತದೆ. ಇನ್ನು, ಸುಮ್ನೆ ಮೊಬೈಲ್ ಹಿಡಿದು ಕೂರುವುದಕ್ಕಿಂತ ಕೈಗೂ ತಲೆಗೂ ಒಟ್ಟಿಗೆ ಕೆಲಸ ಕೊಡುವ ಏನಾದರೂ ಬೇಕು. ಸ್ಕೂಟರ್ ಕಲಿಯುವುದು, ಅಡುಗೆ, ಕೇರಂ ಟೂರ್ನಮೆಂಟ್, ತೋಟದಲ್ಲಿ ಅಡಿಕೆ ಸಸಿ ನೆಡುವುದು, ಕೋಡಿಂಗ್, ಚಿತ್ರ. ಯಾವುದಾದರೂ ಸರಿ, ಮಗುವಿಗೆ ಇಷ್ಟವಾದದ್ದು ಆಗಿರಬೇಕು.

ಮನೆಯಲ್ಲಿ ಮಾಡಬಹುದಾದದ್ದು

ಮೊದಲು ದುಡ್ಡಿನ ಮಾತು. ಬಹಳ ಮನೆಗಳಲ್ಲಿ ಅಪ್ಪ-ಅಮ್ಮ ಫೀ ವಿಷಯ ಮುಚ್ಚಿಡುತ್ತಾರೆ. "ನೀನು ಓದು, ಉಳಿದದ್ದು ನಾವು ನೋಡ್ಕೋತೀವಿ." ಆಮೇಲೆ ಸೀಟು ಬಂದ ದಿನ "ಇಷ್ಟು ಕಟ್ಟಲು ಆಗಲ್ಲ ಮಗಾ" ಅಂತ ಹೇಳಬೇಕಾಗುತ್ತದೆ. ನನ್ನ ಪ್ರಕಾರ ಸೀಟು ಸಿಗದಿರುವುದಕ್ಕಿಂತ ಹೆಚ್ಚು ನೋವು ಇದು. ವರ್ಷಕ್ಕೆ ಎಷ್ಟು ಕಟ್ಟಬಹುದು, ಹಾಸ್ಟೆಲ್‌ಗೆ ಎಷ್ಟು, ಸಾಲ ಮಾಡುವುದಾದರೆ ಎಲ್ಲಿಯವರೆಗೆ, ಇದನ್ನು ಆಪ್ಷನ್ ಎಂಟ್ರಿಗೆ ಮುಂಚೆಯೇ ಸಂಖ್ಯೆಯಲ್ಲಿ ಹೇಳಿ. ಪಟ್ಟಿ ಆ ಮಿತಿಯೊಳಗೇ ತಯಾರಾಗುತ್ತದೆ. ವಾರ್ಷಿಕ ಆದಾಯ 8 ಲಕ್ಷಕ್ಕಿಂತ ಕಡಿಮೆ ಇದ್ದರೆ ಬೋಧನಾ ಶುಲ್ಕ ವಿನಾಯಿತಿಯ ಸೂಪರ್‌ನ್ಯೂಮರರಿ, ಅಂದರೆ ನಿಗದಿತ ಸಂಖ್ಯೆಯ ಮೇಲೆ ಹೆಚ್ಚುವರಿ, ಸೀಟುಗಳಿವೆ, ಸಂಕ್ಷಿಪ್ತವಾಗಿ ಎಸ್‌ಎನ್‌ಕ್ಯೂ. ಇದನ್ನೂ ವಿಚಾರಿಸಿ.

ದಾಖಲೆ ನಿಮ್ಮ ಕೈಯಲ್ಲಿರುವ ಕೆಲಸ. ನಾಡಕಚೇರಿಯ ಜಾತಿ-ಆದಾಯ ಪ್ರಮಾಣಪತ್ರ, ಅದರ ಮೇಲಿರುವ ಆರ್‌ಡಿ ನಂಬರ್, ಏಳು ವರ್ಷ ರಾಜ್ಯದಲ್ಲಿ ಓದಿದ ಪ್ರಮಾಣಪತ್ರ, 1ರಿಂದ 10ರವರೆಗೆ ಗ್ರಾಮೀಣ ಶಾಲೆಯಲ್ಲಿ ಅಥವಾ ಕನ್ನಡ ಮಾಧ್ಯಮದಲ್ಲಿ ಓದಿದ್ದಕ್ಕೆ ಪತ್ರ. ಕಾಸರಗೋಡು, ಅಕ್ಕಲಕೋಟೆ, ಸೊಲ್ಲಾಪುರ ಕಡೆಯ ಗಡಿನಾಡ ಮಕ್ಕಳಿಗೆ, ಹೊರನಾಡ ಕನ್ನಡಿಗರಿಗೆ ಬೇರೆ ನಿಯಮ ಇದೆ. ಅವರು ಕನ್ನಡ ಭಾಷಾ ಪರೀಕ್ಷೆಯನ್ನೂ ಬರೆಯಬೇಕು. ಇದರಲ್ಲಿ ಒಂದು ಅಂಕಿ ತಪ್ಪಾದರೂ ಮೀಸಲಾತಿಯ ಲಾಭ ಕೈತಪ್ಪಬಹುದು. ಓಡಾಟದ ಅರ್ಧ ಮಗುವೇ ಮಾಡಲಿ. ನಾಡಕಚೇರಿಯ ಸಾಲಿನಲ್ಲಿ ನಿಂತಾಗ ಕಾಯುವುದಕ್ಕೂ ಒಂದು ಅರ್ಥ ಬರುತ್ತದೆ.

ಸುದ್ದಿ ನೋಡುವುದಕ್ಕೆ ಹೊತ್ತು ಗೊತ್ತು ಮಾಡಿ. ದಿನಕ್ಕೆ ಒಂದು ಸಲ ಅಥವಾ ಎರಡು ಸಲ, ಕೆಇಎಯ ಅಧಿಕೃತ ಜಾಲತಾಣ ಮಾತ್ರ. ವಾಟ್ಸ್ಆ್ಯಪ್ ಗುಂಪುಗಳಲ್ಲಿ ರಾತ್ರಿ ಹನ್ನೊಂದಕ್ಕೆ ಬರುವ "ಈ ಸಲ ಕಟ್-ಆಫ್ ಭಾರಿ ಏರಿಕೆ" ಅನ್ನುವಂಥ ಸಂದೇಶಗಳಿಂದ ನಿದ್ದೆ ಹಾಳಾಗುತ್ತದೆ, ಸೀಟು ಮಾತ್ರ ಬರುವುದಿಲ್ಲ. ಈ ವಯಸ್ಸಿನವರಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು.

ನೆಂಟರ ಪ್ರಶ್ನೆಗೆ ಉತ್ತರ ಕೊಡುವ ಜವಾಬ್ದಾರಿ ದೊಡ್ಡವರು ತೆಗೆದುಕೊಳ್ಳಿ. ಮಗುವಿನ ಜೊತೆ ಮೊದಲೇ ಮಾತಾಡಿ ಒಂದು ಉತ್ತರ ಇಟ್ಟುಕೊಳ್ಳಿ. "ಇನ್ನೂ ಸುತ್ತು ನಡೀತಿದೆ ಚಿಕ್ಕಮ್ಮ, ಆದಾಗ ನಾವೇ ಹೇಳ್ತೀವಿ." ಅಷ್ಟು ಸಾಕು. ರ‍್ಯಾಂಕನ್ನು ಕುಟುಂಬದ ಗುಂಪಿನಲ್ಲಿ ಹಾಕಬೇಕಾ ಬೇಡವಾ ಅಂತ ಮಗುವನ್ನೇ ಕೇಳಿ. ಅದು ಅವರ ರ‍್ಯಾಂಕು, ಅಲ್ವಾ?

ಗೆಳೆಯರಿಗೆ ಸೀಟು ಸಿಕ್ಕಾಗ ಹೊಟ್ಟೆಕಿಚ್ಚು ಬರುತ್ತದೆ. ಅದಕ್ಕೆ ಉಪದೇಶ ಬೇಡ. "ಬೇಜಾರಾಯ್ತಾ? ಆಗುತ್ತೆ" ಅನ್ನಿ, ಸ್ವಲ್ಪ ಹೊತ್ತು ಜೊತೆಯಲ್ಲಿ ಕೂರಿ. ಎಲ್ಲಕ್ಕೂ ಪರಿಹಾರ ಹೇಳುವ ಚಟ ನಮ್ಮಲ್ಲಿ ಜಾಸ್ತಿ. ಮಕ್ಕಳು ಮಾತು ನಿಲ್ಲಿಸುವುದೂ ಎಷ್ಟೋ ಸಲ ಅದಕ್ಕೇ.

ಬೇಸರ ಯಾವಾಗ ಎಚ್ಚರಿಕೆ?

ಫಲಿತಾಂಶ ಬಂದ ಮೇಲೆ ಎರಡು-ಮೂರು ದಿನ ಊಟ ಸೇರದಿರುವುದು, ಅಳುವುದು, ಬಾಗಿಲು ಹಾಕಿಕೊಳ್ಳುವುದು ಸಾಮಾನ್ಯ. ಎರಡು ವಾರ ಕಳೆದರೂ ಅದೇ ಆದರೆ, ನಿದ್ದೆಯೇ ಇಲ್ಲದಿದ್ದರೆ ಅಥವಾ ಇಡೀ ದಿನ ಮಲಗಿಯೇ ಇದ್ದರೆ, ಇಷ್ಟದ ಆಟ-ಗೆಳೆಯರನ್ನೂ ಬಿಟ್ಟರೆ ತಜ್ಞರನ್ನು ನೋಡಬೇಕು. "ನಾನಿಲ್ಲದಿದ್ದರೆ ನಿಮಗೆ ನೆಮ್ಮದಿ" ಅನ್ನುವಂಥ ಮಾತು, ತನ್ನ ಇಷ್ಟದ ವಸ್ತುಗಳನ್ನು ಹಂಚಿಬಿಡುವುದು ಕಂಡರೆ ಎರಡು ವಾರ ಕಾಯಬೇಡಿ, ಅವತ್ತೇ ಹೋಗಿ. ಮಗುವನ್ನು ಒಂಟಿಯಾಗಿ ಬಿಡಬೇಡಿ. "ಸಾಯಬೇಕು ಅನ್ನಿಸ್ತಿದೆಯಾ?" ಅಂತ ನೇರವಾಗಿ ಕೇಳಬಹುದು. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅನ್ನುವುದು ತಪ್ಪು ನಂಬಿಕೆ. ಕೇಳಿದಾಗ ಹೆಚ್ಚಿನವರಿಗೆ ಹಗುರವಾಗುತ್ತದೆ.

ಮಾನಸಿಕ ಆರೋಗ್ಯಕ್ಕಿರುವ ಟೆಲಿ ಮಾನಸ್ ಸಹಾಯವಾಣಿಯ ನಂಬರ್ 14416. 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು, ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಹಗಲು-ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಗುವೇ ಮಾಡಬೇಕು ಅಂತಿಲ್ಲ, ದಿಕ್ಕು ತೋಚದ ಅಪ್ಪ-ಅಮ್ಮನೂ ಮಾಡಬಹುದು. ಹದಿನೆಂಟರ ಒಳಗಿನವರಿಗೆ ಮಕ್ಕಳ ಸಹಾಯವಾಣಿ 1098 ಕೂಡ ಇದೆ.

ಸಿಕ್ಕಿದ್ದು ಬೇಕಿದ್ದದ್ದಲ್ಲದಿದ್ದರೆ

ಬೇಕಿದ್ದ ಕಾಲೇಜು ಸಿಗದವರೇ ಜಾಸ್ತಿ. ಹಾಗಾಗಿ ಇದನ್ನು ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು.

ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ, ಅಧೀನದ ಯಾವ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದರೂ ಪದವಿ ಕೊಡುವುದು ಬೆಳಗಾವಿಯ ಅದೇ ವಿಶ್ವವಿದ್ಯಾಲಯ. ಕಾಲೇಜುಗಳ ನಡುವೆ ವ್ಯತ್ಯಾಸ ಇಲ್ಲ ಅಂತ ಹೇಳುತ್ತಿಲ್ಲ. ಕಲಿಸುವವರು, ಲ್ಯಾಬ್, ಕ್ಯಾಂಪಸ್‌ಗೆ ಬರುವ ಕಂಪನಿಗಳು, ಜೊತೆಗಾರರು, ಎಲ್ಲ ಬೇರೆ. ಆದರೆ ಬಾಗಿಲು ಮುಚ್ಚಿಹೋಗುವುದಿಲ್ಲ. ಮೊದಲ ವರ್ಷ ಮುಗಿದ ಮೇಲೆ ಬೇರೆ ಬ್ರಾಂಚ್‌ನಲ್ಲಿ ಖಾಲಿ ಇದ್ದರೆ ಅಂಕದ ಆಧಾರದಲ್ಲಿ ಬದಲಿಸಿಕೊಳ್ಳಲು ಅವಕಾಶ ಇದೆ. ಸಿಇಟಿಯಿಂದಲೇ ಕೃಷಿ, ಪಶುವೈದ್ಯಕೀಯ, ಫಾರ್ಮಸಿ ಕಡೆಗೂ ಹೋಗಬಹುದು. ಎಂಜಿನಿಯರಿಂಗ್-ಮೆಡಿಕಲ್ ಗದ್ದಲದಲ್ಲಿ ಈ ಕೋರ್ಸ್‌ಗಳನ್ನು ಮಕ್ಕಳು ಸರಿಯಾಗಿ ನೋಡುವುದೇ ಇಲ್ಲ.

ಇನ್ನು "ಒಂದು ವರ್ಷ ಬಿಟ್ಟು ಮತ್ತೆ ಬರೀತೀನಿ" ಅನ್ನುವ ಮಾತು. ನೀಟ್‌ಗೆ ಎಷ್ಟು ಸಲ ಬರೆಯಬಹುದು ಅನ್ನುವ ಮಿತಿ ಇಲ್ಲ. ಐಐಟಿಗಳ ಪ್ರವೇಶ ಪರೀಕ್ಷೆ ಜೆಇಇ ಅಡ್ವಾನ್ಸ್‌ಡ್ ಅನ್ನು ಎರಡೇ ಸಲ, ಅದೂ ಒಂದರ ಹಿಂದೊಂದು ವರ್ಷದಲ್ಲಿ. ಸಿಇಟಿಯನ್ನು ಮತ್ತೆ ಬರೆದರೆ ರ‍್ಯಾಂಕಿನ ಅರ್ಧ, ಅಂದರೆ ಪಿಯುಸಿ ಅಂಕ, ಇದ್ದಲ್ಲೇ ಇರುತ್ತದೆ. ಏರಿಸಲು ಸಿಗುವುದು ಇನ್ನರ್ಧ ಮಾತ್ರ. ಪಿಯುಸಿಯಲ್ಲಿ ಶೇ. 90 ದಾಟಿ ಸಿಇಟಿಯಲ್ಲಿ ಎಡವಿದವರಿಗೆ ಈ ದಾರಿಯಲ್ಲಿ ಲಾಭ ಹೆಚ್ಚು. ಪಿಯುಸಿ ಅಂಕವೇ ಕಡಿಮೆ ಇದ್ದವರಿಗೆ ಅಷ್ಟಿಲ್ಲ. ಲಾಂಗ್ ಟರ್ಮ್ ಕೋಚಿಂಗ್‌ಗೆ ಫೀ ಕಟ್ಟುವ ಮುಂಚೆ ಮಗುವಿನ ಜೊತೆ ಕೂತು, ಸಿಇಟಿಯಲ್ಲಿ ಎಷ್ಟು ಅಂಕ ಏರಿದರೆ ಸರಾಸರಿ ಎಷ್ಟಾಗುತ್ತದೆ, ಕಳೆದ ಮೂರು ವರ್ಷದ ಕಟ್-ಆಫ್‌ನಲ್ಲಿ ಆ ಸರಾಸರಿಗೆ ಬರಬಹುದಾದ ರ‍್ಯಾಂಕಿಗೆ ಏನು ಸಿಗುತ್ತಿತ್ತು ಅಂತ ಒಂದು ಹಾಳೆಯಲ್ಲಿ ಬರೆದು ನೋಡಿ. ಜೊತೆಗೆ, ಈಗ ಸಿಕ್ಕಿರುವ ಸೀಟು ಬಿಟ್ಟರೆ ಕಟ್ಟಿದ ಫೀಯಲ್ಲಿ ಎಷ್ಟು ವಾಪಸ್ ಬರುತ್ತದೆ, ಯಾವ ತಾರೀಖಿನೊಳಗೆ ರದ್ದು ಮಾಡಬೇಕು ಅನ್ನುವುದನ್ನು ಆ ವರ್ಷದ ಪ್ರಕಟಣೆಯಲ್ಲಿ ನೋಡಿಕೊಂಡು ಅದೇ ಹಾಳೆಯ ಕೆಳಗೆ ಬರೆದಿಡಿ.